ಹೆಚ್ಚಾಗ್ಯಾವ

ಅರ್ಜಿ ಬರೆಯಬೇಕಾಗಿಲ್ಲ, ಯಾರ ಮುಂದೂ ಕೈಚಾಚಬೇಕಾಗಿಲ್ಲ, ತಾಯಂದಿರು ತಮ್ಮ ತಮ್ಮಲ್ಲಿ ಮಾತಾಡಿಕೊಂಡರೆ ಸಾಕು, ಮಕ್ಕಳಿಗೆ ಬೇಕಾದದ್ದು ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ ಎಂದಾದರೆ? ಹುಬ್ಬಳ್ಳಿಯ ನಮ್ಮ ಮಕ್ಕಳ ಪರಿಹಾರ ಮಂಡಳಿ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಪ್ರಶ್ನೆ ಕೇಳಿದವರು ನಮ್ಮ ನಿರ್ದೇಶಕರು, ಡಾಕ್ಟರ್ ಹಂಪಿಹೊಳಿ. ಉತ್ತರ ತಯಾರಿಸಿದವರಲ್ಲಿ ನಾನೂ ಒಬ್ಬಳು. ನನ್ನ ಹೆಸರು ಇಂದುಮತಿ. ಕನ್ನಡ ಎಂ.ಎ., ಚಿನ್ನದ ಪದಕ. ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸ ನನ್ನದು.

ಕೃಷ್ಣೆ ವರ್ಷಕ್ಕೆ ಮೂರು ತಿಂಗಳು ಊರೊಳಗೇ ಉಳಿಯತೊಡಗಿ ಆರು ವರ್ಷವಾಗಿತ್ತು. ನಡುಗಡ್ಡೆಯ ಜನರೆಲ್ಲ ಜೂನ್ ಬಂತೆಂದರೆ ಗಂಟುಮೂಟೆ ಕಟ್ಟಿ ಎತ್ತರದ ದಿಬ್ಬಗಳ ಶಿಬಿರಕ್ಕೆ ಹೋಗುತ್ತಿದ್ದರು. ಮೊದಲ ವರ್ಷಗಳಲ್ಲಿ ಮಕ್ಕಳ ಆಹಾರ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ಶಿಬಿರದ ಕಾರ್ಯಕರ್ತೆ ಬೇಡಿಕೆ ಬರೆಯಬೇಕು, ತಾಲೂಕಿನವರು ಸಹಿ ಹಾಕಬೇಕು, ಜಿಲ್ಲೆಯವರು ಅದನ್ನು ಅನುಮಾನಿಸಬೇಕು, ಗೋದಾಮಿನವನು ಊಟಕ್ಕೆ ಹೋಗಿರಬೇಕು. ಹನ್ನೊಂದು ದಿನ ಹಿಡಿಯುತ್ತಿತ್ತು. ಒಂದು ಕಡೆ ಪೊಟ್ಟಣಗಳು ಕೊಳೆತವು, ಇನ್ನೊಂದು ಕಡೆ ಮಕ್ಕಳು ಹೋದವು. ಆಮೇಲೆ ಬಂದದ್ದು ನಮ್ಮ ‘ಕಿವಿ’.

ಕಿವಿ ಎಂದರೆ ಅಂಗೈಯಗಲದ ಬೂದು ಡಬ್ಬಿ. ಬಿಸಿಲಿನಿಂದ ನಡೆಯುತ್ತದೆ. ಶಿಬಿರದಲ್ಲಿ ಮಕ್ಕಳಿಗೆ ಉಣಿಸುವ ಚಪ್ಪರದಡಿ ಅದನ್ನು ತೂಗುಹಾಕಿದರೆ, ಅಲ್ಲಿ ಕೂತ ಹೆಂಗಸರ ಮಾತನ್ನು ಇಡೀ ದಿನ ಕೇಳುತ್ತದೆ. ಯಾರು ಯಾರನ್ನು ಬೈದರು ಎಂಬುದು ಅದಕ್ಕೆ ಬೇಡ. ಮಕ್ಕಳ ತುತ್ತಿಗೆ ಸಂಬಂಧಿಸಿದ ನಾಲ್ಕು ಸಾವಿರದ ಇನ್ನೂರು ಮಾತುಗಳನ್ನಷ್ಟೇ ಹೆಕ್ಕುತ್ತದೆ. ಪ್ರತಿ ಮಾತಿಗೂ ಒಂದು ತೂಕ. ‘ಮುಗಿದಿದೆ’ ಎಂದರೆ ಕೊರತೆಯ ಕಡೆಗೆ ಐದು. ‘ಸಾಕಾಗುವುದಿಲ್ಲ’ ಎಂದರೆ ಮೂರು. ‘ಉಳಿದಿದೆ’ ಎಂದರೆ ಮಿಗತೆಯ ಕಡೆಗೆ ಎರಡು. ‘ಹೆಚ್ಚಾಗಿದೆ’ ಎಂದರೆ ಮಿಗತೆಯ ಕಡೆಗೆ ನಾಲ್ಕು. ಈ ತೂಕಗಳನ್ನು ಬರೆದವಳು ನಾನು. ತಕ್ಕಡಿ ಯಾವ ಕಡೆ ವಾಲಿದೆ ಎಂದು ನೋಡಿ ಯಂತ್ರ ತಾನೇ ದೋಣಿ ಕಳಿಸುತ್ತಿತ್ತು. ದೋಣಿಗೂ ಅಂಬಿಗನಿರಲಿಲ್ಲ. ಹನ್ನೊಂದು ದಿನದ ಕೆಲಸ ಹತ್ತೊಂಬತ್ತು ತಾಸಿಗೆ ಇಳಿಯಿತು. ನಾವೆಲ್ಲ ಆಗ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಇನ್ನೂ ಎರಡು ವಿಷಯ ಹೇಳಬೇಕು. ಹಿಂದೆ ಕೆಲವು ಸಿಬ್ಬಂದಿ ಬೇಕೆಂದೇ ಜಾಸ್ತಿ ತರಿಸಿ ಕದ್ದಿದ್ದರಿಂದ, ಸಿಬ್ಬಂದಿಯ ದನಿಗೆ ಕಿವಿ ಕೊಡುತ್ತಿದ್ದದ್ದು ತಾಯಿಯ ದನಿಯ ಹತ್ತರಲ್ಲೊಂದು ತೂಕ. ಮತ್ತೆ, ದೊಡ್ಡವರ ಫೋನಿಗೆ ಮಣಿದು ದೋಣಿ ತಿರುಗಿಸಬಾರದೆಂದು, ಕಚೇರಿಯಿಂದ ಕೈಯಾರೆ ಕಳಿಸುವ ಗುಂಡಿಯನ್ನೇ ತೆಗೆಸಿಹಾಕಿದ್ದೆವು. ಅದನ್ನು ಬಿಚ್ಚಿದ ದಿನ ಹಂಪಿಹೊಳಿಯವರು ಎಲ್ಲರಿಗೂ ಧಾರವಾಡ ಪೇಡೆ ಹಂಚಿದ್ದರು.

ಮನೆಯಲ್ಲಿ ನನ್ನ ಅತ್ತೆ ಪಾರವ್ವ ಈ ಕಿವಿಯ ಕಥೆ ಕೇಳಿ ನಕ್ಕಿದ್ದರು. “ಅದನ್ನ ನಮ್ಮ ಅಡಿಗಿಮನ್ಯಾಗೂ ಒಂದು ತೂಗು ಹಾಕವಾ. ನಲವತ್ತು ವರ್ಷಾತು, ನನ್ನ ಮಾತು ಈ ಮನ್ಯಾಗ ಯಾರೂ ಕೇಳವಲ್ರು.”

ಆ ವರ್ಷದ ಜೂನ್‌ನಲ್ಲಿ ಬಸರಿಗಡ್ಡೆಯ ದಿಬ್ಬದಲ್ಲಿ ಕಿವಿ ಕಟ್ಟಲು ನಾನೇ ಹೋಗಿದ್ದೆ. ಅಲ್ಲಿ ಅರವತ್ತೊಂದು ಮಕ್ಕಳು ತೀರಾ ಸೊರಗಿದ್ದವು. ಆ ವರ್ಷ ಹೊಸದಾಗಿ ಶೇಂಗಾ, ಹಾಲಿನಪುಡಿ, ಎಣ್ಣೆ ಸೇರಿಸಿ ಅರೆದ ಮುದ್ದೆಯ ಪೊಟ್ಟಣ ಕೊಡುತ್ತಿದ್ದೆವು. ದಿನಕ್ಕೆ ಎರಡು, ಆರು ವಾರ, ನಡುವೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಮಗು ಮೊದಲಿಗಿಂತ ಕೆಳಕ್ಕೆ ಇಳಿಯುತ್ತದೆ. ಶಿವಗಂಗವ್ವ ಎಂಬ ಹೆಂಗಸಿನ ಮಗು ಈರಮ್ಮನಿಗೆ ಹತ್ತು ತಿಂಗಳು. ತೋಳಿನ ಸುತ್ತಳತೆ ಹತ್ತೂ ಮುಕ್ಕಾಲು ಸೆಂಟಿಮೀಟರ್, ದಪ್ಪ ನನ್ನ ಎರಡು ಬೆರಳಿನಷ್ಟು. ಹನ್ನೆರಡೂವರೆ ಮುಟ್ಟಿದರೆ ಗಂಡಾಂತರ ದಾಟಿದಂತೆ. ಅಳತೆ ಪಟ್ಟಿ ಸುತ್ತುವಾಗ ಅದು ಅಳಲಿಲ್ಲ. ಅಳುವಷ್ಟು ಶಕ್ತಿ ಇರಲಿಲ್ಲ.

“ಉಳೀತೈತೇನ್ರಿ?” ಎಂದು ಶಿವಗಂಗವ್ವ ಕೇಳಿದ್ದಳು.

“ಪಾಕೀಟು ತಪ್ಪದಂಗ ತಿನಿಸು. ಖಂಡಿತ ಉಳೀತದ,” ಎಂದೆ. ಮಾತು ಕೊಟ್ಟೇ ಬಂದೆ.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ನೂರಾ ಹದಿನೆಂಟು ಶಿಬಿರಗಳ ಗೆರೆಗಳು ಓಡುತ್ತಿದ್ದವು. ನಾನು ದಿನಾ ಬೆಳಗ್ಗೆ ಚಹಾ ಹಿಡಿದು ಮೊದಲು ಈರಮ್ಮನ ಗೆರೆ ನೋಡುತ್ತಿದ್ದೆ. ಹತ್ತೂ ಮುಕ್ಕಾಲು ಹನ್ನೊಂದಾಯಿತು. ಎರಡನೆಯ ವಾರದ ಕೊನೆಗೆ ಹನ್ನೊಂದೂ ಕಾಲು. ಖುಷಿಯಿಂದ ಅತ್ತೆಗೂ ಹೇಳಿದ್ದೆ. ಮೂರನೆಯ ವಾರ ಗೆರೆ ನಿಂತಿತು, ಆಮೇಲೆ ಬಾಗಿತು. ಈರಮ್ಮನದಷ್ಟೇ ಅಲ್ಲ, ಬಸರಿಗಡ್ಡೆಯ ಎಲ್ಲ ಮಕ್ಕಳದೂ. ಆದರೆ ಪಕ್ಕದಲ್ಲೇ ಕಿವಿಯ ವರದಿ ಹಸಿರಾಗಿ ಹೊಳೆಯುತ್ತಿತ್ತು: ಪೊಟ್ಟಣಗಳು ಮಿಗತೆ.

ಹಂಪಿಹೊಳಿಯವರು ಕನ್ನಡಕ ಹಣೆಗೇರಿಸಿ ಎರಡನ್ನೂ ನೋಡಿದರು. “ಪೊಟ್ಟಣ ಹೆಚ್ಚಾಗ್ಯಾವ ಅಂತ ತಾಯಂದಿರ ಬಾಯಿಂದನ ಬರ್ಲಿಕ್ಕತ್ತದ. ಮಕ್ಕಳ ತೋಳು ನೋಡಿದ್ರ ಸಣ್ಣಗಾಗ್ಲಿಕ್ಕತ್ತಾವ. ಇದರ ಅರ್ಥ ಏನು ಇಂದುಮತಿ? ತಿನಿಸ್ತಾ ಇಲ್ಲ. ಕೂಡಿಟ್ಟಾರ.”

“ಆ ಶಿವಗಂಗವ್ವ ಹಂಗ ಮಾಡೋ ಹೆಂಗಸಲ್ಲ ಸರ್.”

“ನೀವು ಅರ್ಧ ತಾಸು ಕಂಡಾಕಿ. ಕಿವಿ ದಿನಾ ಕೇಳ್ತದ.”

ನನಗೂ ಹೌದೆನಿಸಿತು. ಹೌದೆನಿಸಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಹೌದೆನಿಸಿತ್ತು. ಯಂತ್ರವೂ ಅದೇ ತೀರ್ಮಾನಕ್ಕೆ ಬಂದು ದೋಣಿ ಕಳಿಸಿತು; ಅದರಲ್ಲಿದ್ದದ್ದು ಪೊಟ್ಟಣವಲ್ಲ, ಒಂದು ಸಿನಿಮಾ ತೆರೆ ಮತ್ತು ‘ಮಗುವಿಗೆ ಉಣಿಸುವುದು ಹೇಗೆ’ ಎಂಬ ಕಿರುಚಿತ್ರ. ಹಸಿದ ಮಕ್ಕಳ ತಾಯಂದಿರನ್ನು ಕೂಡಿಸಿ, ಬಾಯಿಗೆ ತುತ್ತಿಡುವುದನ್ನು ಕಲಿಸಿದೆವು. ಆ ಚಿತ್ರದ ಮಾತುಗಳನ್ನು ತಿದ್ದಿದವಳೂ ನಾನೇ.

ಇತ್ತ ದಿಬ್ಬದಲ್ಲಿ ಏನಾಗುತ್ತಿತ್ತು ಎಂಬುದನ್ನು ನನಗೆ ಆಮೇಲೆ ಹೇಳಿದವಳು ಅಲ್ಲಿನ ಕಾರ್ಯಕರ್ತೆ ಹುಸೇನ್‌ಬಿ. ಎರಡನೆಯ ವಾರ ಮುಗಿಯುವ ಹೊತ್ತಿಗೇ ಪೊಟ್ಟಣಗಳು ತೀರುತ್ತ ಬಂದಿದ್ದವು. ದಿಬ್ಬಕ್ಕೆ ಫೋನ್ ಸಿಗುತ್ತಿರಲಿಲ್ಲ. ಆಕೆ ಡಬ್ಬಿಯ ಕೆಳಗೆ ನಿಂತು “ಸ್ಟಾಕ್ ಇಲ್ಲ, ಸ್ಟಾಕ್ ಇಲ್ಲ” ಎಂದು ಗಂಟಲು ಹರಿದುಕೊಂಡಳು. ಆಕೆ ಸಿಬ್ಬಂದಿ, ಹತ್ತರಲ್ಲೊಂದು ತೂಕ. “ನನ್ನ ಮಾತು ಹೋಗಾಂಗಿಲ್ಲವಾ, ನೀವು ತಾಯಂದಿರು ಹೇಳ್ರಿ” ಎಂದಳು. ತಾಯಂದಿರು ಹೇಳಿದರು. ಅಕ್ಕಿ, ಅರಿಶಿನ, ಕುಂಕುಮ ತೀರಿದಾಗ ಹೇಗೆ ಹೇಳುತ್ತಾರೋ, ಕೈಯ ಬಳೆ ಒಡೆದಾಗ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿದರು. ಸೋಪು, ಸೀಮೆಎಣ್ಣೆಯಾದರೆ ಖಾಲಿ ಎನ್ನಬಹುದು. ಮಡಿಲಲ್ಲಿ ಸೊರಗಿದ ಕೂಸು ಮಲಗಿರುವಾಗ ಅದರ ತುತ್ತನ್ನು ‘ಮುಗಿಯಿತು’ ಎಂದು ಯಾವ ತಾಯಿ ಬಾಯಿಬಿಟ್ಟು ಹೇಳುತ್ತಾಳೆ?

“ಪಾಕೀಟು ಹೆಚ್ಚಾಗ್ಯಾವ್ರಿ,” ಎಂದರು. ಪೊಟ್ಟಣದ ದೋಣಿ ಬರಲಿಲ್ಲ. ಇನ್ನಷ್ಟು ಜೋರಾಗಿ, “ಪೂರಾ ಹೆಚ್ಚಾಗ್ಯಾವ್ರಿ, ಲಗೂನ ನೋಡ್ರಿ!” ಎಂದರು. ಕಷ್ಟ ಏರಿದಂತೆಲ್ಲ ಅರವತ್ತೊಂದು ದನಿಗಳು ದಿನಕ್ಕೆ ಹತ್ತು ಸಲ ಅದನ್ನೇ ಹೇಳಿದವು, ಮತ್ತು ಹುಬ್ಬಳ್ಳಿಯ ಗೋಡೆಯ ಮೇಲೆ ಹಸಿರು ಮತ್ತಷ್ಟು ಹಸಿರಾಯಿತು.

ಹತ್ತು ದಿನ ಮಿಗತೆ ಕಂಡರೆ ಯಂತ್ರ ಅದನ್ನು ವಾಪಸು ತರಿಸುತ್ತದೆ. ಒಂದು ಮಧ್ಯಾಹ್ನ ಬಸರಿಗಡ್ಡೆಗೆ ಮತ್ತೆ ದೋಣಿ ಬಂತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ದಂಡೆಗೆ ಓಡಿದರು. ದೋಣಿ ಖಾಲಿಯಿತ್ತು. ಅದರೊಳಗಿನ ದನಿ ಸವಿಯಾಗಿ ಹೇಳುತ್ತಿತ್ತು: “ದಯವಿಟ್ಟು ಹೆಚ್ಚುವರಿ ಪೊಟ್ಟಣಗಳನ್ನು ತುಂಬಿಸಿ. ಬೇರೆ ಶಿಬಿರದ ಮಕ್ಕಳು ಕಾಯುತ್ತಿದ್ದಾರೆ.”

ಅವರಲ್ಲಿ ಉಳಿದಿದ್ದದ್ದು ಹತ್ತೊಂಬತ್ತು ಪೊಟ್ಟಣ. ತೀರಾ ನಿಶ್ಶಕ್ತವಾದ ಮೂರು ಮಕ್ಕಳಿಗೆಂದು, ದಿನಕ್ಕೆ ಅರ್ಧರ್ಧ ಕೊಡಲು, ಹುಸೇನ್‌ಬಿ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ದೋಣಿ ಎರಡು ತಾಸು ಅದೇ ಮಾತು ಹೇಳುತ್ತ ನಿಂತಿತು. ಹುಸೇನ್‌ಬಿ ಅದಕ್ಕೆ ಬೈದಳು, ಕಲ್ಲು ಎಸೆದಳು. ಕೊನೆಗೆ ಶಿವಗಂಗವ್ವನೇ ಅಂದಳಂತೆ, “ಕೊಡ್ರಿ ಅಕ್ಕೋರ. ಇಷ್ಟು ಹೊತ್ತು ನಿಂತು ಕೇಳಾಕತ್ತೈತಿ ಅಂದ್ರ ಅಲ್ಲೆ ನಮಗಿಂತ ಕೆಟ್ಟ ಪರಿಸ್ಥಿತಿ ಇರಬೇಕು. ನಮಗ ನಾಳೆ ಬರ್ತಾವ. ನಾವೇನು ಹೇಳಿಲ್ಲೇನು, ದಿನಾ ಹೇಳೀವಿ.” ಬೀಗ ತೆಗೆಸಿ, ತನ್ನ ಮಗುವಿನ ಪಾಲಿನದನ್ನು ತನ್ನ ಕೈಯಿಂದಲೇ ದೋಣಿಗೆ ಹಾಕಿದಳು.

ಗೋಡೆಯ ಮೇಲೆ ಒಂದು ಸಾಲು ಮೂಡಿತು: ಬಸರಿಗಡ್ಡೆ, ಮಿಗತೆ ಖಚಿತ, ಮರುಹಂಚಿಕೆ ಯಶಸ್ವಿ. ಕೊಠಡಿಯಲ್ಲಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈರಮ್ಮನ ಗೆರೆ ಆವತ್ತು ಹತ್ತೂವರೆಗೆ ಇಳಿದಿತ್ತು. ಅದನ್ನು ನೋಡಿ, ತಿನಿಸದ ತಾಯಿಯ ಮೇಲೆ ನನಗೆ ಸಿಟ್ಟು ಬಂದಿತ್ತು.

ಅದಾಗಿ ನಾಲ್ಕನೆಯ ದಿನ ಬೆಳಗ್ಗೆ ಮನೆಯಲ್ಲಿ ಬುತ್ತಿ ಕಟ್ಟಿಕೊಳ್ಳುತ್ತಿದ್ದೆ. ಪಾರವ್ವತ್ತಿ ಅಡಿಗೆಮನೆಯಿಂದ ಕೂಗಿದರು, “ಇಂದೂ, ಅಕ್ಕಿ ಹೆಚ್ಚಾಗ್ಯಾವ ನೋಡವಾ.”

“ಹೂಂ ಅತ್ತಿ, ಬರುವಾಗ ತರ್ತೀನಿ,” ಎಂದೆ. ಗೂಟದಿಂದ ಕೈಚೀಲ ತೆಗೆದು ಹೆಗಲಿಗೆ ಹಾಕಿಕೊಂಡೆ, ಚಪ್ಪಲಿ ಮೆಟ್ಟಿದೆ. ಹೊಸ್ತಿಲಲ್ಲಿ ಕಾಲು ಮುಂದೆ ಹೋಗಲಿಲ್ಲ.

ಒಳಗೆ ಬಂದು ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದೆ. ತಳದಲ್ಲಿ ಒಂದು ಹಿಡಿಯೂ ಇರಲಿಲ್ಲ.

“ಅತ್ತಿ, ಏನಂದ್ರಿ ನೀವು?”

“ಅಕ್ಕಿ ಹೆಚ್ಚಾಗ್ಯಾವ ಅಂದೆ. ಯಾಕ?”

“ಮುಗದಾವ ಅನ್ರಿ.”

“ಥೂ! ಮುಂಜಮುಂಜಾನೆ ಎಂಥಾ ಮಾತಾಡ್ತಿ? ಮಕ್ಕಳಿದ್ದ ಮನ್ಯಾಗ ಯಾರರ ಅಂತಾರೇನು ಹಂಗ?” ಪಾರವ್ವತ್ತಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆಮೇಲೆ ನನ್ನ ಮುಖ ನೋಡಿ ಒಲೆ ಆರಿಸಿದರು. “ಏನಾತವಾ?”

ಹುಟ್ಟಿದಂದಿನಿಂದ ಕೇಳಿದ ಮಾತು. ನಾನೇ ಸಾವಿರ ಸಲ ಆಡಿದ ಮಾತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ಕಚೇರಿಯ ಮೇಜಿನ ಮುಂದೆ ಕೂತು ಅದಕ್ಕೆ ಅರ್ಥ ಬರೆಯುವಾಗ ಮಾತ್ರ, ಮಿಗತೆ, ನಾಲ್ಕು ಎಂದು ಬರೆದು ಮುಂದಿನ ಪದಕ್ಕೆ ಹೋಗಿದ್ದೆ. ‘ಇತರ ಅರ್ಥಗಳು’ ಎಂಬ ಮನೆಯನ್ನು ಖಾಲಿ ಬಿಟ್ಟಿದ್ದೆ. ಯಂತ್ರವನ್ನು ಪರೀಕ್ಷಿಸಲು ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ ಇನ್ನೂರು ಹೆಂಗಸರನ್ನು ಕೂಡಿಸಿ, ನಾವು ಬರೆದುಕೊಟ್ಟ ವಾಕ್ಯಗಳನ್ನು ಅವರಿಂದ ಓದಿಸಿದ್ದೆವು. ‘ಪೊಟ್ಟಣಗಳು ಮುಗಿದಿವೆ’ ಎಂದು ಅವರು ಪಾಪ, ಚೀಟಿಯಲ್ಲಿದ್ದಂತೆ ಓದಿದ್ದರು. ಅವರ ಮಡಿಲಲ್ಲಿ ಮಕ್ಕಳಿರಲಿಲ್ಲ.

ಹಂಪಿಹೊಳಿಯವರು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಆದರೂ ಅವರ ಬಾಯಿಂದ ಬಂದದ್ದು ಹೀಗೆ: “ಒಂದು ಪದದ ತೂಕ ತಿರುಗಿಸಿದ್ರ ನೂರಾ ಹದಿನೆಂಟು ಶಿಬಿರದ ತಕ್ಕಡಿ ಅಲ್ಲಾಡ್ತದ. ಎಲ್ಲೋ ಖರೇನ ಹೆಚ್ಚಾಗಿ, ಅವರೂ ಹೆಚ್ಚಾಗ್ಯಾವ ಅಂದಿದ್ರ? ಏಳು ದಿನದ ಪರೀಕ್ಷೆ ಆಗ್ಲೇಬೇಕು.”

“ಏಳು ದಿನ ಆ ಮಕ್ಕಳಿಗಿಲ್ಲ ಸರ್.”

“ಹಂಗಾರ ನೀವು ಇವತ್ತ ಹೋಗ್ರಿ. ಆ ಹೆಣ್ಮಕ್ಕಳಿಗೆ ‘ಮುಗಿದಿದೆ’ ಅಂತ ಬಾಯಿಬಿಟ್ಟು ಹೇಳಾಕ ಹೇಳ್ರಿ. ಅಷ್ಟ ಸಾಕು, ದೋಣಿ ತಾನ ಹೊಂಡ್ತದ.”

ಕಚೇರಿಗೆ ಬಂದವರಿಗೆ ತೋರಿಸಲು ಗಾಜಿನ ಕಪಾಟಿನಲ್ಲಿ ಎರಡು ಪೆಟ್ಟಿಗೆ ಪೊಟ್ಟಣ ಇಟ್ಟಿದ್ದರು. ಅವನ್ನು ಜೀಪಿಗೆ ಹೇರಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ನದಿ ದಾಟಿಸಲು ಮೀನುಗಾರನೊಬ್ಬ ಒಪ್ಪಿದ. ದಿಬ್ಬ ಮುಟ್ಟಿದಾಗ ಇಳಿಬಿಸಿಲು.

ಹುಸೇನ್‌ಬಿ ದಂಡೆಗೆ ಬಂದಳು. ಪೆಟ್ಟಿಗೆಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಈರಮ್ಮ ಮುಂಜಾನಿ ಹೋತ್ರಿ,” ಎಂದಳು. “ಮಣ್ಣು ಮಾಡಿ ಬಂದೀವಿ. ದಾಖಲೂ ಮಾಡೀನಿ.”

ನಾನು ದಂಡೆಯ ಕೆಸರಿನಲ್ಲೇ ಕೂತುಬಿಟ್ಟೆ. ಆಕೆ ನನ್ನನ್ನು ಎಬ್ಬಿಸಲಿಲ್ಲ. ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋಗಿ ಹಂಚತೊಡಗಿದಳು.

ನಾನು ತಂದದ್ದು ಎರಡೂವರೆ ದಿನಕ್ಕೆ ಸಾಲುವಷ್ಟು. ಚಪ್ಪರದಡಿ ಎಲ್ಲ ತಾಯಂದಿರನ್ನು ಕೂಡಿಸಿ ವಿಷಯ ಹೇಳಿದೆ. ‘ಹೆಚ್ಚಾಗ್ಯಾವ’ ಎಂಬ ಮಾತನ್ನು ಡಬ್ಬಿ ಉಲ್ಟಾ ತಿಳಿದುಕೊಂಡಿದೆ, ಜಾಸ್ತಿ ಇವೆ ಎಂದುಕೊಂಡಿದೆ ಎಂದೆ.

ಬಾಲವ್ವ ಎಂಬವಳು ಕೇಳಿದಳು, “ಅಂದ್ರ ಇಷ್ಟ ದಿನ ನಾವು ಬ್ಯಾಡ ಬ್ಯಾಡ ಅಂದಂಗಾತೇನ್ರಿ?”

ನಾನು ಡಬ್ಬಿಯ ಕಡೆ ಕೈ ತೋರಿಸಿದೆ. “ಈಗ ಒಂದ ಒಂದು ಸಲ, ಮುಗದಾವ ಅಂತ ಅನ್ರಿ. ನಾಳೆ ಮುಂಜಾನೆ ದೋಣಿ ಬರ್ತದ.”

ಹೆಂಗಸರು ತಮ್ಮ ಮಡಿಲ ಕಡೆ ನೋಡಿಕೊಂಡರು. ಒಬ್ಬಳು ಸೆರಗಿನಿಂದ ಕೂಸಿನ ಕಿವಿ ಮುಚ್ಚಿದಳು. ಇನ್ನೊಬ್ಬಳು “ಇವತ್ತ ಒಂದು ಮಣ್ಣಾಗೈತಿ, ಅದೂ ಇವತ್ತ ಆ ಮಾತು ಹೆಂಗ ಆಡೂದ್ರಿ?” ಎಂದು ಅಳತೊಡಗಿದಳು.

ಆಗ ಹಿಂದಿನಿಂದ ಶಿವಗಂಗವ್ವ ಎದ್ದಳು. ಆಕೆ ಅಲ್ಲಿ ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ. “ನಾ ಹೇಳ್ತೀನಿ. ನನ್ನ ಉಡಿಯಾಗ ಯಾರದಾರ ಈಗ, ನಾ ಹೆದರಾಕ?” ಡಬ್ಬಿಯ ಕೆಳಗೆ ಹೋಗಿ ನಿಂತು, ಮೇಲೆ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. “ಮು-ಗ-ದಾ-ವ. ಪಾಕೀಟು ಮುಗದಾವ. ಎಲ್ಲಾ ಮುಗದಾವ.”

ಕೈಯಲ್ಲಿದ್ದ ಪರದೆ ನೋಡಿದೆ. ತಕ್ಕಡಿ ಅಲುಗಲಿಲ್ಲ. ಕೆಂಪಕ್ಷರದಲ್ಲಿ ಒಂದು ಸಾಲು ಬಂತು: ಫಲಾನುಭವಿ ಮಗು ಇಲ್ಲ, ದನಿ ಪರಿಗಣಿಸಿಲ್ಲ.

“ಕೇಳ್ತೇನ್ರಿ ಅದಕ?”

“ಇಲ್ಲವ್ವಾ,” ಎಂದೆ. “ಮಗು ಇದ್ದ ತಾಯಿ ಮಾತನ್ನಷ್ಟ ಅದು ಲೆಕ್ಕಕ್ಕ ಹಿಡಿತದ.”

ಶಿವಗಂಗವ್ವ ಹಾಗೇ ನಿಂತಳು. “ಅಂದ್ರ ನನ್ನ ಕೂಸು ಇದ್ದಾಗ ನಾ ಅಂದದ್ದನ್ನೆಲ್ಲ ಹಿಡಕೊಂಡೈತಿ. ದಿನಾ ಹತ್ತು ಸಲ ಅಂದೀನಲ್ರಿ ನಾನು,” ಎಂದಳು. ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಬಾಲವ್ವ ಎದ್ದು ಬಂದು ತನ್ನ ಮಗುವನ್ನು ಶಿವಗಂಗವ್ವನ ತೋಳಿಗೆ ಇಟ್ಟಳು. “ಇದನ್ನ ಎತ್ತಿಕೊಂಡು ಆ ಕಡಿ ದಂಡಿಗೆ ಹೋಗವಾ. ಎಲ್ಲಾ ಕೂಸುಗಳನ್ನೂ ಒಯ್ಯಿರಿ. ಇವಕ್ಕ ಕೇಳದಂಗ ನಾವು ಹೇಳ್ತೀವಿ.” ಮುದುಕಿಯರು, ಗಂಡಸರು, ಹುಸೇನ್‌ಬಿ, ಕೈಗೆ ಒಂದೊಂದು ಎರಡೆರಡು ಕೂಸು ಎತ್ತಿಕೊಂಡರು. ದಿಬ್ಬದ ಆಚೆ ತುದಿಗೆ ಅವರು ಮರೆಯಾಗುವವರೆಗೆ ಹೆಂಗಸರು ಕಾದರು. ಆಮೇಲೆ ಒಬ್ಬೊಬ್ಬರೇ ಬಂದು, ತಲೆ ತಗ್ಗಿಸಿ, ಆ ಮಾತು ಹೇಳಿ, ಕೆನ್ನೆಗೆ ಬಡಿದುಕೊಂಡು ಹೋದರು.

ತಕ್ಕಡಿ ವಾಲಿತು. ಪರದೆಯ ಮೇಲೆ ಆದೇಶ ಮೂಡಿತು: ಬಸರಿಗಡ್ಡೆ, ನಾಳೆ ಬೆಳಗ್ಗೆ ಒಂಬತ್ತು ಗಂಟೆ, ಅರವತ್ತು ಮಕ್ಕಳಿಗೆ. ಅರವತ್ತೊಂದಲ್ಲ. ಅಂಕಿಗಳಲ್ಲಿ ನಮ್ಮ ಯಂತ್ರ ಎಂದೂ ತಪ್ಪಿದ್ದಿಲ್ಲ.

ಸುದ್ದಿ ಹೇಳಲು ಆಚೆ ದಂಡೆಗೆ ನಡೆದೆ. ಶಿವಗಂಗವ್ವ ಒಂದು ಕಲ್ಲಿನ ಮೇಲೆ ಕೂತು ಬಾಲವ್ವನ ಮಗುವಿಗೆ ಪೊಟ್ಟಣದಿಂದ ಹಿಂಡಿ ಹಿಂಡಿ ತಿನಿಸುತ್ತಿದ್ದಳು. ನಾವು ಚಿತ್ರದಲ್ಲಿ ತೋರಿಸಿದ್ದಕ್ಕಿಂತ ಚೆನ್ನಾಗಿಯೇ ತಿನಿಸುತ್ತಿದ್ದಳು.

“ನಾಳೆ ಬರ್ತದವ್ವಾ ದೋಣಿ.”

“ಬರ್ಲಿ ಬಿಡ್ರಿ. ಇವಾದ್ರೂ ಉಳೀಲಿ.” ಪೊಟ್ಟಣದ ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಒತ್ತಿ ಮೇಲಕ್ಕೆ ತಂದಳು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು, “ಆ ಡಬ್ಬಿಗೆ ನಮ್ಮ ಮಾತಿನ ಅರ್ಥ ಬರದುಕೊಟ್ಟವರು ಯಾರ್ರಿ? ಎಲ್ಲೋ ಪರದೇಶದವರಿರಬೇಕು. ಕನ್ನಡ ಬರಲಾರದವರು.”

ಆಕೆ ನನಗೊಂದು ದಾರಿ ಬಿಟ್ಟುಕೊಟ್ಟಿದ್ದಳು, ತನಗೆ ಗೊತ್ತಿಲ್ಲದೆ.

“ಹೌದವ್ವಾ,” ಎಂದೆ. “ಕನ್ನಡ ಬರಲಾರದಾಕಿ.”

“ಪಾಪ, ಆಕೀಗರ ಹೆಂಗ ಗೊತ್ತಾಗಬೇಕು,” ಎಂದು ಶಿವಗಂಗವ್ವ ಮಗುವಿನ ಬಾಯಿ ಒರೆಸಿದಳು.